ಕಸದ ಗುಡ್ಡಕ್ಕೆ ಗಾಳಿಯ ದಾರಿ: ಫುಕುವೊಕಾ ವಿಧಾನ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ

ಫುಕುವೊಕಾ ಮಾದರಿಯ ಲ್ಯಾಂಡ್‌ಫಿಲ್‌ನಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಒಂದು ಖಾಲಿ ಜಾಗ. ಕಸದ ರಾಶಿಯ ಅಡಿಯಲ್ಲಿ ಸುಮಾರು 600 ಮಿ.ಮೀ. ವ್ಯಾಸದ, ಮೈತುಂಬ ತೂತುಗಳಿರುವ ಪೈಪು ಮಲಗಿರುತ್ತದೆ. ಕಸದಿಂದ ಬಸಿಯುವ ಕಪ್ಪು ನೀರು ಆ ಪೈಪಿನ ತಳದ ಮೂರನೇ ಒಂದು ಪಾಲಿನಲ್ಲಷ್ಟೇ ಹರಿಯಬೇಕು. ಮೇಲಿನ ಎರಡು ಪಾಲು ಗಾಳಿಗೆಂದೇ ಬಿಟ್ಟದ್ದು. ಪೈಪಿನ ಬಾಯಿ ರಾಶಿಯ ಹೊರಗೆ, ಬಯಲಿಗೆ ತೆರೆದುಕೊಂಡಿರುತ್ತದೆ. ಅಲ್ಲಿಂದ ಒಳಹೋದ ಗಾಳಿ ಕಸದ ನಡುವೆ ಹಾದು, ಅಲ್ಲಲ್ಲಿ ನೆಟ್ಟಗೆ ನಿಲ್ಲಿಸಿದ ಕೊಳವೆಗಳಿಂದ ಮೇಲೆ ಬರುತ್ತದೆ. ಇದಕ್ಕೆ ಫ್ಯಾನು, ಮೋಟಾರು, ಕರೆಂಟು ಯಾವುದೂ ಬೇಕಿಲ್ಲ.

1970ರ ದಶಕದಲ್ಲಿ ಜಪಾನಿನ ಫುಕುವೊಕಾ ವಿಶ್ವವಿದ್ಯಾಲಯದ ಪ್ರೊ. ಮಸತಾಕ ಹನಾಶಿಮಾ ಮತ್ತು ಫುಕುವೊಕಾ ನಗರಾಡಳಿತ ಸೇರಿ ಈ ವಿನ್ಯಾಸವನ್ನು ಬೆಳೆಸಿದರು. 1975ರಲ್ಲಿ ಅದೇ ನಗರದ ಶಿನ್‌ಕಮಾತಾ ಲ್ಯಾಂಡ್‌ಫಿಲ್‌ನಲ್ಲಿ ಮೊದಲು ಬಳಕೆಗೆ ಬಂತು. ಆಮೇಲೆ ಪ್ರೊ. ಯಾಸುಶಿ ಮತ್ಸುಫುಜಿ ಅವರಂಥವರು ದೇಶದಿಂದ ದೇಶಕ್ಕೆ ಹೋಗಿ ಇದನ್ನು ಕಲಿಸಿದರು. ಮಲೇಷ್ಯಾ, ಸಮೋವಾ, ನೇಪಾಳ, ಕೀನ್ಯಾ, ಇಥಿಯೋಪಿಯಾ, ಮ್ಯಾನ್ಮಾರ್ ಹೀಗೆ ಪಟ್ಟಿ ಉದ್ದವಿದೆ. ಶ್ರೀಮಂತ ದೇಶವೊಂದರ ಕಸದ ತಂತ್ರಜ್ಞಾನ ಬೇರೆ ದೇಶಗಳಿಗೆ ಹೋಗಿ ನೆಲೆಯೂರಿದ ಉದಾಹರಣೆ ಹುಡುಕಿದರೆ ಇದಕ್ಕಿಂತ ಕಲಿಸುವಂಥದ್ದು ಸಿಗುವುದು ಕಷ್ಟ. ಇದು ಗೆದ್ದ ಕಡೆಯೂ ಪಾಠವಿದೆ, ಸೋತ ಕಡೆ ಇನ್ನೂ ಹೆಚ್ಚಿದೆ.

ಸುಮ್ಮನೆ ಸುರಿದ ಕಸ ಏನು ಮಾಡುತ್ತದೆ

ನಮ್ಮಂಥ ದೇಶಗಳ ನಗರದ ಕಸದಲ್ಲಿ ಅರ್ಧ ಅಥವಾ ಅದಕ್ಕೂ ಹೆಚ್ಚು ಹಸಿ ಕಸ. ತರಕಾರಿ ಸಿಪ್ಪೆ, ಅನ್ನ, ಮಾರುಕಟ್ಟೆಯ ಸೊಪ್ಪು, ಬಾಳೆ ದಿಂಡು. ಇದನ್ನು ಆಳವಾಗಿ ರಾಶಿ ಹಾಕಿದರೆ ಒಳಗಿನ ಆಮ್ಲಜನಕ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಆಮೇಲೆ ಗಾಳಿ ಬೇಡದ ಸೂಕ್ಷ್ಮಜೀವಿಗಳ ಕಾರುಬಾರು. ಅವು ಕಸವನ್ನು ಮೊದಲು ಹುಳಿ ಆಮ್ಲಗಳಾಗಿ ಒಡೆಯುತ್ತವೆ, ನಂತರ ಆ ಆಮ್ಲಗಳಿಂದ ಮಿಥೇನ್ ಹುಟ್ಟುತ್ತದೆ. ಹೊಸ ರಾಶಿಯಿಂದ ಬರುವ ಕಪ್ಪು ನೀರಿನ, ಅಂದರೆ ಲೀಚೇಟ್‌ನ, ಬಿಒಡಿ (ನೀರಿನಲ್ಲಿರುವ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ ಹತ್ತಾರು ಸಾವಿರ ಮಿಲಿಗ್ರಾಂ ಮುಟ್ಟುವುದುಂಟು. ಮನೆಗಳ ಚರಂಡಿ ನೀರಿನಲ್ಲಿ ಇದು ಕೆಲವು ನೂರು. ಭಾರತದ 2016ರ ಘನತ್ಯಾಜ್ಯ ನಿಯಮದ ಪ್ರಕಾರ ಹಳ್ಳ, ನದಿಗೆ ಬಿಡಬೇಕಾದರೆ ಅದು 30 ದಾಟಬಾರದಿತ್ತು. ಸಾವಿರಗಳಿಂದ 30ಕ್ಕೆ ಇಳಿಸುವುದು ಎಷ್ಟು ದುಬಾರಿ ಎಂಬುದು ಸಂಸ್ಕರಣಾ ಘಟಕ ನಡೆಸಿದವರಿಗೆ ಗೊತ್ತು.

ಮಿಥೇನ್‌ನಿಂದ ಆಗುವ ತೊಂದರೆ ಎರಡು ಬಗೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಜಾಗದಲ್ಲೇ ನೋಡಿದರೆ, ಗಾಳಿಯಲ್ಲಿ ಶೇ 5ರಿಂದ 15ರಷ್ಟು ಬೆರೆತಾಗ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಇದರ ಜೊತೆಗೆ ರಾಶಿಯೊಳಗೆ ನಿಂತ ನೀರಿನ ಒತ್ತಡ ಇಳಿಜಾರನ್ನು ಸಡಿಲಗೊಳಿಸುತ್ತದೆ. ಕಸದ ಗುಡ್ಡಗಳು ಕುಸಿಯಲು ಬಹಳ ಸಲ ಕಾರಣ ಇದೇ: ನೀರು ಹೊರಹೋಗಲು ದಾರಿ ಇರಲಿಲ್ಲ. 2000ದ ಜುಲೈನಲ್ಲಿ ಫಿಲಿಪ್ಪೀನ್ಸ್‌ನ ಪಯಾತಾಸ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2005ರ ಫೆಬ್ರವರಿಯಲ್ಲಿ ಇಂಡೋನೇಷ್ಯಾದ ಬಾಂಡುಂಗ್ ಹತ್ತಿರದ ಲೆವಿಗಜಾ ಕುಸಿದು ನೂರನಲವತ್ತಕ್ಕೂ ಹೆಚ್ಚು ಜನ. 2017ರಲ್ಲಿ ಮಾರ್ಚ್ ತಿಂಗಳು ಆಡಿಸ್ ಅಬಾಬಾದ ಕೋಶೆ ಗುಡ್ಡ ನೂರಕ್ಕೂ ಹೆಚ್ಚು ಜನರನ್ನು ನುಂಗಿತು, ಏಪ್ರಿಲ್‌ನಲ್ಲಿ ಕೊಲಂಬೊದ ಮೀತೊಟಮುಲ್ಲದ ರಾಶಿಯೂ ಕುಸಿಯಿತು. ನಮ್ಮಲ್ಲಿ 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ರಾಶಿ ಜಾರಿ, ಕೆಳಗಿನ ಮಂದಾರದ ತೋಟಗಳನ್ನೂ ಮನೆಗಳನ್ನೂ ಮುಚ್ಚಿತು. ಅಡಿಕೆ ಮರಗಳ ನಡುವೆ ಪ್ಲಾಸ್ಟಿಕ್ಕಿನ ಹೊಳೆ ಹರಿದ ಆ ಚಿತ್ರಗಳನ್ನು ಕರಾವಳಿಯವರು ಮರೆತಿಲ್ಲ.

ಶ್ರೀಮಂತ ದೇಶಗಳು ಇದಕ್ಕೆ ಕಂಡುಕೊಂಡ ಉತ್ತರ, ಕಸವನ್ನು ಪೂರ್ತಿ ಮುಚ್ಚಿಡುವುದು. ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಮತ್ತು ಜೇಡಿ, ಮೇಲೂ ಅಂಥದ್ದೇ ಹೊದಿಕೆ, ಒಳಗಿನ ಅನಿಲವನ್ನು ಬ್ಲೋವರ್‌ನಿಂದ ಎಳೆದು ಸುಡುವುದು ಅಥವಾ ಕರೆಂಟು ಮಾಡುವುದು. ಹಣ, ವಿದ್ಯುತ್ತು, ಬಿಡಿಭಾಗ, ತರಬೇತಾದ ಜನ ಎಲ್ಲವೂ ಸದಾ ಇದ್ದರೆ ಇದು ಚೆನ್ನಾಗಿಯೇ ನಡೆಯುತ್ತದೆ. ದೊಡ್ಡ ನಗರಗಳಿಗೆ ಇದು ಸರಿಯಾದ ಆಯ್ಕೆಯೂ ಆಗಬಹುದು. ಆದರೆ ಬ್ಲೋವರ್ ಕೆಟ್ಟು ಆರು ತಿಂಗಳು ಬಿಡಿಭಾಗ ಬರದಿದ್ದರೆ, ಮಿಥೇನ್ ಹುಟ್ಟಲೆಂದೇ ಕಟ್ಟಿದ ಡಬ್ಬಿಯೊಂದು ಮಾತ್ರ ಕೈಯಲ್ಲಿ ಉಳಿಯುತ್ತದೆ. ಯಂತ್ರ ನಿಂತ ದಿನ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡು ಮಾಡಿದ ವಿನ್ಯಾಸ ಫುಕುವೊಕಾದ್ದು.

ಒಲೆ ಉರಿಯುವ ಹಾಗೆ

ಹೊಗೆಕೊಳವೆ ಇರುವ ಅಸ್ತ್ರ ಒಲೆಯನ್ನು ನೋಡಿದವರಿಗೆ ಈ ತತ್ತ್ವ ಹೊಸದಲ್ಲ. ಒಳಗಿನ ಬಿಸಿ ಗಾಳಿ ಹಗುರಾಗಿ ಕೊಳವೆಯಲ್ಲಿ ಮೇಲೇರುತ್ತದೆ, ಆ ಜಾಗ ತುಂಬಲು ಒಲೆಯ ಬಾಯಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಕಸದ ರಾಶಿಯಲ್ಲಿ ಬೆಂಕಿಯ ಕೆಲಸವನ್ನು ಸೂಕ್ಷ್ಮಜೀವಿಗಳು ಮಾಡುತ್ತವೆ. ಚಳಿಗಾಲದ ಬೆಳಿಗ್ಗೆ ಕೊಟ್ಟಿಗೆ ಪಕ್ಕದ ತಿಪ್ಪೆಯಿಂದ ಆವಿ ಏಳುವುದನ್ನು ಎಲ್ಲರೂ ನೋಡಿದ್ದೇವೆ. ಗಾಳಿ ಸಿಕ್ಕ ಕಸ ಕೊಳೆಯುವಾಗ ರಾಶಿಯ ಒಳಗೆ 50ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿ ಏಳುತ್ತದೆ. ಹೊರಗಿನ ಗಾಳಿ 25–30 ಡಿಗ್ರಿ. ಈ ಅಂತರವೇ ಇಲ್ಲಿನ ಪಂಪು. ಕೊಳೆತಷ್ಟೂ ಬಿಸಿ, ಬಿಸಿಯಾದಷ್ಟೂ ಎಳೆತ, ಎಳೆದಷ್ಟೂ ಗಾಳಿ.

ರಾಶಿಯ ಎಲ್ಲ ಕಡೆಗೂ ಗಾಳಿ ತಲುಪುವುದಿಲ್ಲ. ಪೈಪುಗಳ ಸುತ್ತಮುತ್ತ, ತಳದ ಕಲ್ಲಿನ ಪದರದ ಮೇಲೆ, ನಿಂತ ಕೊಳವೆಗಳ ಅಕ್ಕಪಕ್ಕ ಗಾಳಿಯಾಡುತ್ತದೆ. ದೂರದ ಭಾಗಗಳು ಗಾಳಿಯಿಲ್ಲದೆ ಉಳಿಯುತ್ತವೆ. ‘ಅರೆ ಗಾಳಿಯ’ ವಿಧಾನ ಎಂಬ ಹೆಸರು ಬಂದದ್ದು ಹಾಗೆ. ಒಂದು ಲೆಕ್ಕದಲ್ಲಿ ಇದು ಅನುಕೂಲವೇ. ಗಾಳಿಯಿರುವ ಕಡೆ ಲೀಚೇಟ್‌ನಲ್ಲಿರುವ ಅಮೋನಿಯಾವು ನೈಟ್ರೇಟ್ ಆಗಿ ಬದಲಾಗುತ್ತದೆ, ಆ ನೀರು ಗಾಳಿಯಿಲ್ಲದ ಕಡೆ ಹಾದಾಗ ನೈಟ್ರೇಟ್ ಒಡೆದು ಸಾರಜನಕವಾಗಿ ಹಾರಿಹೋಗುತ್ತದೆ. ಅಂದರೆ ಲೀಚೇಟ್ ರಾಶಿಯೊಳಗೇ ಅರ್ಧ ಶುದ್ಧವಾಗಿ ಹೊರಬರುತ್ತದೆ. ಗಾಳಿ ಮುಚ್ಚಿದ ರಾಶಿಯಲ್ಲಿ ಮಿಥೇನ್ ಮತ್ತು ಇಂಗಾಲದ ಡೈಆಕ್ಸೈಡ್ 6:4ರ ಪ್ರಮಾಣದಲ್ಲಿ ಹುಟ್ಟಿದರೆ, ಇಲ್ಲಿ ಅದು ಸುಮಾರು 2:8 ಎಂದು ಫುಕುವೊಕಾದವರ ಅಳತೆ ಹೇಳುತ್ತದೆ. ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿ, ಮಿಥೇನ್ ಲೆಕ್ಕ ಹಾಕುವಾಗ ಗಾಳಿಯಿಲ್ಲದ ಲ್ಯಾಂಡ್‌ಫಿಲ್‌ಗೆ 1.0 ಗುಣಾಂಕ ಕೊಟ್ಟರೆ ಇದಕ್ಕೆ 0.5 ಕೊಟ್ಟಿದೆ. 2011ರಲ್ಲಿ, ಹಸಿರುಮನೆ ಅನಿಲ ತಗ್ಗಿಸಿದ್ದಕ್ಕೆ ಕ್ರೆಡಿಟ್ ಕೊಡುವ ವಿಶ್ವಸಂಸ್ಥೆಯ ಕಾರ್ಬನ್ ವ್ಯವಸ್ಥೆಯೂ ಇದನ್ನು ಒಪ್ಪಿತ ವಿಧಾನವಾಗಿ ಸೇರಿಸಿಕೊಂಡಿತು.

ಕಟ್ಟುವ ಕ್ರಮ

ಮೊದಲು ಎಷ್ಟು ಜಾಗ ಬೇಕು ಎಂಬ ಲೆಕ್ಕ. ದಿನಕ್ಕೆ 100 ಟನ್ ಕಸ ಬರುವ ಊರು ಎಂದುಕೊಳ್ಳಿ. ಬುಲ್ಡೋಜರ್‌ನಿಂದ ಚೆನ್ನಾಗಿ ತುಳಿಸಿದರೆ ಒಂದು ಘನ ಮೀಟರಿನಲ್ಲಿ ಸುಮಾರು 0.8 ಟನ್ ಹಿಡಿಯುತ್ತದೆ, ಅಂದರೆ ದಿನಕ್ಕೆ 125 ಘನ ಮೀಟರ್. ಹೊದಿಸುವ ಮಣ್ಣು ಸೇರಿ 140. ವರ್ಷಕ್ಕೆ 51,000 ಘನ ಮೀಟರ್. ಸರಾಸರಿ 10 ಮೀಟರ್ ಎತ್ತರ ತುಂಬಿದರೆ ವರ್ಷಕ್ಕೆ ಒಂದೂಕಾಲು ಎಕರೆ ಜಾಗ ಹೋಗುತ್ತದೆ. ತುಳಿಸದೆ ಸುಮ್ಮನೆ ಸುರಿದರೆ ಇದರ ಎರಡು ಪಟ್ಟು. ಹಸಿ ಕಸವನ್ನು ಮನೆಯಲ್ಲೇ ಬೇರ್ಪಡಿಸಿ ಗೊಬ್ಬರಕ್ಕೆ ಕಳಿಸಿದರೆ ಅರ್ಧಕ್ಕಿಂತ ಕಡಿಮೆ. ಯಾವ ಪೈಪಿನ ವಿನ್ಯಾಸಕ್ಕಿಂತಲೂ ದೊಡ್ಡ ಉಳಿತಾಯ ಇರುವುದು ಈ ಕೊನೆಯ ಸಾಲಿನಲ್ಲಿ.

ಜಾಗಕ್ಕೆ ಇಳಿಜಾರು ಇರಬೇಕು. ಇದನ್ನು ಒತ್ತಿ ಹೇಳಲೇಬೇಕು, ಏಕೆಂದರೆ ನಕ್ಷೆಯಲ್ಲಿ ಚೆನ್ನಾಗಿ ಕಂಡ ಎಷ್ಟೋ ಯೋಜನೆಗಳು ಕೆಡುವುದು ಇಲ್ಲೇ. ಪೈಪಿನ ಬಾಯಿ ಲೀಚೇಟ್ ಕೊಳದ ಗರಿಷ್ಠ ನೀರಿನ ಮಟ್ಟಕ್ಕಿಂತ ಮೇಲೆ ಇರಬೇಕು, ಕೊಳ ಅದಕ್ಕೂ ಕೆಳಗೆ ಇರಬೇಕು, ಅಂತರ್ಜಲ ತಳದಿಂದ ಕನಿಷ್ಠ 2 ಮೀಟರ್ ಆಳದಲ್ಲಿರಬೇಕು. ಸಮತಟ್ಟು ನೆಲದಲ್ಲಿ ಇಷ್ಟು ಎತ್ತರದ ವ್ಯತ್ಯಾಸ ಸಿಗದು. ಆಗ ತಳವನ್ನೇ ಮಣ್ಣು ಹಾಕಿ ಏರಿಸಬೇಕು, ಇಲ್ಲವೇ ಕೊಳದಿಂದ ನೀರನ್ನು ಸದಾ ಪಂಪ್ ಮಾಡಬೇಕು. ಪಂಪ್ ಬಂತೆಂದರೆ ಕರೆಂಟ್ ಬಿಲ್ಲು ಹಿಂಬಾಗಿಲಿಂದ ಮತ್ತೆ ಒಳಬಂದ ಹಾಗೆ.

ತಳಕ್ಕೆ ನಮ್ಮ 2016ರ ನಿಯಮ ಕೇಳಿದ್ದು 90 ಸೆಂ.ಮೀ. ಜೇಡಿ, ಅದರ ಮೇಲೆ 1.5 ಮಿ.ಮೀ. ದಪ್ಪದ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹಾಳೆ. ಪೈಪು ಎಷ್ಟೇ ಚೆನ್ನಾಗಿದ್ದರೂ ಈ ತಳವನ್ನು ಬಿಟ್ಟುಬಿಡುವಂತಿಲ್ಲ. ಫುಕುವೊಕಾ ವಿಧಾನ ನೀರನ್ನು ಬೇಗ ಹೊರಹಾಕುತ್ತದೆ, ನೆಲಕ್ಕೆ ಇಂಗದಂತೆ ತಡೆಯುವ ಕೆಲಸ ತಳದ್ದೇ. ತಳದ ಮೇಲೆ ನಡುವೆ ಮುಖ್ಯ ಪೈಪು, ಶೇ 1ರಿಂದ 2ರ ಇಳಿಜಾರಿನಲ್ಲಿ. ಅದಕ್ಕೆ ಎರಡೂ ಕಡೆಯಿಂದ ಮೀನಿನ ಮುಳ್ಳಿನ ಹಾಗೆ ಸುಮಾರು 20 ಮೀಟರಿಗೊಂದರಂತೆ ಕವಲು ಪೈಪುಗಳು, 200 ಮಿ.ಮೀ. ಅಥವಾ ಹೆಚ್ಚಿನ ವ್ಯಾಸದವು. ಎಲ್ಲ ಪೈಪುಗಳ ಸುತ್ತ 50ರಿಂದ 150 ಮಿ.ಮೀ. ಗಾತ್ರದ ಗುಂಡುಗಲ್ಲು. ಇಲ್ಲಿ ರಸ್ತೆಗೆ ಬಳಸುವ 20 ಮಿ.ಮೀ. ಜಲ್ಲಿ ಹಾಕಿ ಕೈತೊಳೆದುಕೊಳ್ಳುವ ಗುತ್ತಿಗೆದಾರರು ಇದ್ದಾರೆ. ಸಣ್ಣ ಜಲ್ಲಿಯ ಸಂದು ಎರಡು ಮೂರು ವರ್ಷದಲ್ಲಿ ಲೋಳೆ, ಸುಣ್ಣದ ಹರಳು, ಮಣ್ಣಿನಿಂದ ಕಟ್ಟಿಕೊಳ್ಳುತ್ತದೆ. ಪೈಪಿಗೆ ನೇರವಾಗಿ ಜಿಯೊಟೆಕ್ಸ್‌ಟೈಲ್ ಬಟ್ಟೆ ಸುತ್ತುವುದೂ ಇದೇ ಕಾರಣಕ್ಕೆ ಬೇಡ. ಶುದ್ಧ ನೀರಿಗೆ ಸೋಸುವ ಬಟ್ಟೆ ಚೆನ್ನಾಗಿ ಕೆಲಸ ಮಾಡುತ್ತದೆ, ಲೀಚೇಟ್‌ಗೆ ಅದೇ ಬಿರಡೆಯಾಗುತ್ತದೆ.

ಕವಲು ಪೈಪು ಮುಖ್ಯ ಪೈಪನ್ನು ಸೇರುವ ಕಡೆ ಮತ್ತು ಕವಲಿನ ತುದಿಯಲ್ಲಿ ನಿಂತ ಕೊಳವೆಗಳು. ಅವಕ್ಕೆ ಅಗ್ಗದ ಉಪಾಯವೊಂದಿದೆ. ತಳ, ಮುಚ್ಚಳ ಎರಡೂ ಕತ್ತರಿಸಿ ತೆಗೆದ ಹಳೆಯ 200 ಲೀಟರ್ ಡ್ರಮ್ಮಿನೊಳಗೆ ತೂತಿನ ಪೈಪನ್ನು ನಿಲ್ಲಿಸಿ, ಸುತ್ತ ಕಲ್ಲು ತುಂಬುತ್ತಾರೆ. ಕಸ ಏರಿದಂತೆ ಡ್ರಮ್ಮನ್ನು ಮೇಲಕ್ಕೆ ಎಳೆದು, ಪೈಪಿಗೆ ಇನ್ನೊಂದು ತುಂಡು ಜೋಡಿಸಿ, ಮತ್ತೆ ಕಲ್ಲು ತುಂಬುತ್ತಾರೆ. ಡ್ರಮ್ಮು ಅಚ್ಚಿನ ಹಾಗೆ ಮೇಲೆ ಮೇಲೆ ಬರುತ್ತಾ ಹೋಗುತ್ತದೆ, ಕೆಳಗೆ ಕಲ್ಲಿನ ಕಂಬ ಉಳಿಯುತ್ತದೆ. ಕಾಂಕ್ರೀಟ್ ಅಥವಾ ಎಚ್‌ಡಿಪಿಇ ಪೈಪು ದುಬಾರಿಯಾದ ಕಡೆ ಗಂಟಿನ ಅಡ್ಡಗೋಡೆ ಒಡೆದ ಬಿದಿರು, ಹಳೆಯ ಟಯರುಗಳನ್ನು ಒಂದರ ಮೇಲೊಂದು ಪೇರಿಸಿ ಕಲ್ಲು ತುಂಬಿದ ಕಂಬ ಇವೆಲ್ಲ ಬಳಕೆಯಲ್ಲಿವೆ. ಕೀನ್ಯಾದ ಕಿಯಾಂಬು ಕೌಂಟಿಯ ಕಾಂಗೊಕಿಯಲ್ಲಿ ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್ ಮತ್ತು ಫುಕುವೊಕಾದವರು ಸ್ಥಳೀಯ ಸಾಮಗ್ರಿಯಲ್ಲೇ ಕೆಲಸ ಮಾಡಿ ತೋರಿಸಿದರು. ಬಿದಿರು ಕೆಲವೇ ವರ್ಷಗಳಲ್ಲಿ ಕೊಳೆಯುತ್ತದೆ, ನಿಜ. ಸುತ್ತಲಿನ ಕಲ್ಲು ಉಳಿದರೆ ಗಾಳಿಯ ದಾರಿ ಉಳಿಯುತ್ತದೆ. ಹಾಗಾಗಿ ಬಿದಿರು ಬಳಸುವ ಕಡೆ ಕಲ್ಲಿನಲ್ಲಿ ಜಿಪುಣತನ ಮಾಡಬಾರದು.

ಮೊದಲ ಪದರ ಹಾಕುವ ದಿನ ಬುಲ್ಡೋಜರ್ ಆಪರೇಟರ್ ಹತ್ತಿರ ಮೇಸ್ತ್ರಿ ನಿಂತಿರಲೇಬೇಕು. ಪೈಪಿನ ಮೇಲೆ ಮೊದಲ ಒಂದು ಒಂದೂವರೆ ಮೀಟರ್ ಕಸವನ್ನು ಸಡಿಲವಾಗಿ, ಕಬ್ಬಿಣ, ಮರದ ದಿಮ್ಮಿ, ಕಟ್ಟಡದ ತುಂಡುಗಳಿಲ್ಲದೆ ಹರಡಬೇಕು. ಅದಕ್ಕೆ ಮೊದಲು ಯಂತ್ರ ಪೈಪಿನ ಮೇಲೆ ಹತ್ತಿದರೆ ಪೈಪು ಒಳಗೇ ಪುಡಿಯಾಗುತ್ತದೆ. ಹತ್ತು ಮೀಟರ್ ಕಸದಡಿ ಒಡೆದ ಪೈಪನ್ನು ಯಾರೂ ತೆಗೆದು ರಿಪೇರಿ ಮಾಡಲಾರರು. ಆಮೇಲೆ ಅರ್ಧ ಮೀಟರಿನ ತೆಳು ಪದರಗಳಾಗಿ ಹರಡಿ, ಪ್ರತಿ ಪದರವನ್ನೂ ಮೂರರಿಂದ ಐದು ಸಲ ತುಳಿಸಿ, ಸಂಜೆಗೆ 10–15 ಸೆಂ.ಮೀ. ಮಣ್ಣು ಹೊದಿಸಬೇಕು.

ಈ ಮಣ್ಣಿನ ಆಯ್ಕೆಯಲ್ಲೂ ಎಡವುತ್ತಾರೆ. ಹತ್ತಿರದಲ್ಲಿ ಸಿಕ್ಕಿತೆಂದು ಜೇಡಿ ಅಥವಾ ಎರೆಮಣ್ಣು ಹೊದಿಸಿದರೆ ಪದರ ಪದರವೂ ಒಂದೊಂದು ತಟ್ಟೆಯಾಗುತ್ತದೆ. ನೀರು ಕೆಳಗಿಳಿಯದೆ ತಟ್ಟೆಯ ಮೇಲೆ ನಿಂತು, ಬದಿಯಲ್ಲಿ ಒಸರುತ್ತದೆ, ಗಾಳಿಯೂ ಮೇಲೇರದು. ಮರಳುಮಿಶ್ರಿತ ಗ್ರಾವೆಲ್, ಕಟ್ಟಡ ತ್ಯಾಜ್ಯದ ಪುಡಿ, ಗೊಬ್ಬರ ಜರಡಿ ಹಿಡಿದಾಗ ಉಳಿಯುವ ತರಿ ಇವು ಒಳ್ಳೆಯವು. ಜೇಡಿಯೊಂದೇ ಗತಿ ಎಂದಾದರೆ ಮರುದಿನ ಕಸ ಹಾಕುವ ಮುನ್ನ ಅದನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕು.

ಮಳೆ ಎಂಬ ಪರೀಕ್ಷೆ

ಜಪಾನಿನಲ್ಲೂ ಮಳೆ ಬೀಳುತ್ತದೆ. ಆದರೆ ಕರಾವಳಿ ಕರ್ನಾಟಕ, ಕೊಲಂಬೊ, ಯಾಂಗೊನ್‌ನಂಥ ಜಾಗಗಳ ಮುಂಗಾರು ಬೇರೆಯೇ. ಒಂದು ಹೆಕ್ಟೇರ್ ತೆರೆದ ಕಸದ ಮೇಲೆ ಒಂದೇ ದಿನ 100 ಮಿ.ಮೀ. ಮಳೆ ಸುರಿದರೆ 1,000 ಘನ ಮೀಟರ್, ಅಂದರೆ 10 ಲಕ್ಷ ಲೀಟರ್ ನೀರು. ಅರ್ಧ ಒಳಗಿಳಿದರೂ 5 ಲಕ್ಷ ಲೀಟರ್ ಲೀಚೇಟ್. ಮಂಗಳೂರಿನಲ್ಲಿ ಅಂಥ ದಿನಗಳು ಜೂನ್, ಜುಲೈಗಳಲ್ಲಿ ವಿಶೇಷವೇನಲ್ಲ. ದಿನಕ್ಕೆ 50 ಸಾವಿರ ಲೀಟರ್‌ಗೆ ಕಟ್ಟಿದ ಸಂಸ್ಕರಣಾ ಘಟಕ ಇದರ ಮುಂದೆ ಏನೂ ಮಾಡಲಾರದು. ಕೊಳ ತುಂಬುತ್ತದೆ, ನೀರು ಪೈಪಿನ ಬಾಯಿಗೆ ಏರುತ್ತದೆ, ಬಾಯಿ ಮುಳುಗಿದ ಕೂಡಲೇ ಗಾಳಿ ನಿಲ್ಲುತ್ತದೆ. ಆ ಗಳಿಗೆಯಿಂದ ಅದು ಫುಕುವೊಕಾ ಲ್ಯಾಂಡ್‌ಫಿಲ್ ಆಗಿ ಉಳಿಯುವುದಿಲ್ಲ. ಎಷ್ಟೇ ದುಡ್ಡು ಸುರಿದಿದ್ದರೂ ಮಾಮೂಲಿ ಕಸದ ರಾಶಿಯೇ.

ಇದು ಬರೀ ಮಾತಲ್ಲ. ಐಪಿಸಿಸಿ 2019ರಲ್ಲಿ ತನ್ನ ಮಾರ್ಗಸೂಚಿಯನ್ನು ತಿದ್ದಿದಾಗ, ಸರಿಯಾಗಿ ನೋಡಿಕೊಳ್ಳದ ಅರೆ ಗಾಳಿಯ ಲ್ಯಾಂಡ್‌ಫಿಲ್‌ಗೆ 0.5ರ ಬದಲು 0.7 ಗುಣಾಂಕ ಇಟ್ಟಿತು. ಸರಿಯಾಗಿ ನೋಡಿಕೊಳ್ಳದ್ದು ಎಂದರೆ ಏನೆಂದೂ ಹೇಳಿತು: ಲೀಚೇಟ್ ಹೊರಹೋಗುವ ವ್ಯವಸ್ಥೆ ಮುಳುಗಿರುವುದು, ಅದರ ಬಾಯಿ ಗಾಳಿಗೆ ತೆರೆದಿರದಿರುವುದು, ಮೇಲಿನ ಅನಿಲ ಕೊಳವೆಗಳು ಮುಚ್ಚಿಹೋಗಿರುವುದು.

ಹಾಗಾಗಿ ಜೋರು ಮಳೆಯ ಊರಿನಲ್ಲಿ ಈ ವಿನ್ಯಾಸವನ್ನು ಇದ್ದಂತೆ ಎತ್ತಿ ಇಡಲಾಗದು. ಜಾಗವನ್ನು ಸಣ್ಣ ಅಂಕಣಗಳಾಗಿ ಒಡೆದು, ಮಳೆಗಾಲದಲ್ಲಿ ಕಾಲು ಹೆಕ್ಟೇರಿಗಿಂತ ಹೆಚ್ಚು ತೆರೆದಿಡಬಾರದು. ತುಂಬಿದ ಭಾಗಕ್ಕೆ ಮೇ ಕೊನೆಯೊಳಗೆ 40ರಿಂದ 65 ಸೆಂ.ಮೀ. ಮಣ್ಣು ಹಾಕಿ, ನೀರು ಜಾರುವಂತೆ ಇಳಿಜಾರು ಕೊಟ್ಟು, ಬೇಕಾದರೆ ಟಾರ್ಪಾಲು ಹೊದಿಸಬೇಕು, ಕೊಳವೆಗಳ ತಲೆ ಮಾತ್ರ ಹೊರಗೆ. ಸುತ್ತಲಿನ ಗುಡ್ಡದಿಂದ ಬರುವ ಮಳೆನೀರು ಕಸಕ್ಕೆ ತಾಗದೆ ಹೋಗಲು ಬೇರೆ ಚರಂಡಿ ಇರಬೇಕು. ಈ ಚರಂಡಿಯೊಂದೇ ಲೀಚೇಟ್‌ನ ಪ್ರಮಾಣವನ್ನು ಎದ್ದು ಕಾಣುವಷ್ಟು ಇಳಿಸುತ್ತದೆ. ಹಣ ಕಡಿಮೆಯಿದ್ದ ನಗರಸಭೆ ಮೊದಲು ಯಾವ ಕೆಲಸ ಮಾಡಲಿ ಎಂದು ಕೇಳಿದರೆ ಉತ್ತರ ಇದೇ: ಚರಂಡಿ.

ಹಳೆಯ ರಾಶಿಯನ್ನು ಏನು ಮಾಡುವುದು

ಬಹಳ ಊರುಗಳ ಎದುರು ಇರುವುದು ಹೊಸ ಜಾಗವಲ್ಲ, ಇಪ್ಪತ್ತು ಮೂವತ್ತು ವರ್ಷ ಸುರಿದ ಗುಡ್ಡ. ಕೋಶೆ ದುರಂತದ ನಂತರ ಆಡಿಸ್ ಅಬಾಬಾದಲ್ಲಿ, 2018ರ ಏಪ್ರಿಲ್‌ನಲ್ಲಿ ಹೊತ್ತಿ ಊರಿಗೆಲ್ಲ ಹೊಗೆ ಹಬ್ಬಿಸಿದ ಯಾಂಗೊನ್‌ನ ಟೇನ್‌ಬಿನ್ ರಾಶಿಯಲ್ಲಿ ಜಪಾನಿನ ನೆರವಿನಿಂದ ಇದೇ ತತ್ತ್ವದ ಸುಧಾರಣೆಗಳು ನಡೆದವು.

ಕೆಲಸದ ಸರದಿ ತಪ್ಪಿದರೆ ಜೀವಕ್ಕೆ ಅಪಾಯ. ಮೊದಲು ಮೇಲಿಂದ ಕಸ ತೆಗೆದು ಭಾರ ಇಳಿಸಬೇಕು. ಬುಡದಿಂದ ಹಿಟಾಚಿ ಹಚ್ಚಿ ಅಗೆಯಬಾರದು. ಬುಡವೇ ಗುಡ್ಡವನ್ನು ಹಿಡಿದು ನಿಲ್ಲಿಸಿರುವುದು. ಇಳಿಜಾರನ್ನು ಒಂದು ಮೀಟರ್ ಎತ್ತರಕ್ಕೆ ಮೂರು ಮೀಟರ್ ಅಗಲ ಬರುವಷ್ಟು ಚಪ್ಪಟೆ ಮಾಡಿ, ಐದು ಮೀಟರಿಗೊಂದು ಮೆಟ್ಟಿಲು ಬಿಡಬೇಕು. ಆಮೇಲೆ ಬುಡದ ಹೊರಗೆ ಕಂದಕ ತೋಡಿ ಕಲ್ಲು, ಪೈಪು ಹಾಕಿ ನೀರಿಗೆ ದಾರಿ ಮಾಡಿ, ಮೇಲಿನಿಂದ ಕಸದೊಳಗೆ ಗುಂಡಿ ತೆಗೆದು ಕೊಳವೆ ಇಳಿಸಬೇಕು. ಹಳೆಯ ರಾಶಿಯ ಅಡಿಗೆ ಪೈಪಿನ ಜಾಲ ಹಾಕಲಾಗದ ಕಾರಣ ಹೊಸದರಷ್ಟು ಫಲ ಸಿಗುವುದಿಲ್ಲ. ಆದರೂ ಒಳಗಿನ ನೀರು ಇಳಿಯುತ್ತದೆ, ಕುಸಿಯುವ ಭಯ ಕಡಿಮೆಯಾಗುತ್ತದೆ. ನಮ್ಮಲ್ಲಿ ಈಗ ಹಳೆ ಗುಡ್ಡಗಳನ್ನು ಅಗೆದು ಜರಡಿ ಹಿಡಿಯುವ ಬಯೋಮೈನಿಂಗ್ ನಡೆಯುತ್ತಿದೆ, ಅದು ಒಳ್ಳೆಯದೇ. ಅದಾದ ಮೇಲೂ ಉಳಿಯುವ ಬಳಸಲಾಗದ ತ್ಯಾಜ್ಯಕ್ಕೆ ಒಂದು ಸರಿಯಾದ ಭರ್ತಿ ಜಾಗ ಬೇಕೇ ಬೇಕು.

ಗಾಳಿ ಕೊಡುವುದರಲ್ಲಿ ಅಪಾಯವೂ ಇದೆ. ಒಣಗಿದ ಪ್ಲಾಸ್ಟಿಕ್ ತುಂಬಿದ ಭಾಗಕ್ಕೆ ಏಕಾಏಕಿ ಗಾಳಿ ನುಗ್ಗಿದರೆ ಒಳಗೇ ಹೊತ್ತಿಕೊಳ್ಳಬಹುದು. ಕೊಳವೆಯಿಂದ ಬಿಳಿ ಆವಿ ಬಂದು ಸ್ವಲ್ಪ ಮೇಲೆ ಕರಗಿಹೋದರೆ ಸರಿ. ನೀಲಿಯೋ ಕಂದೋ ಬಣ್ಣದ, ಕರಗದೆ ಉಳಿಯುವ, ಸುಟ್ಟ ಪ್ಲಾಸ್ಟಿಕ್ ವಾಸನೆಯ ಹೊಗೆ ಬಂದರೆ, ಅಥವಾ ಒಳಗಿನ ಬಿಸಿ 75–80 ಡಿಗ್ರಿ ದಾಟಿ ಏರುತ್ತಲೇ ಇದ್ದರೆ ಬೆಂಕಿ. ಆಗ ಆ ಭಾಗದ ಕೊಳವೆ ಮುಚ್ಚಿ, ಮೇಲೆ ದಪ್ಪಗೆ ಮಣ್ಣು ಹಾಕಿ ಉಸಿರು ಕಟ್ಟಿಸಬೇಕು. ಟ್ಯಾಂಕರುಗಟ್ಟಲೆ ನೀರು ಸುರಿದರೆ ಬೆಂಕಿ ತಲುಪುವ ಮೊದಲೇ ನೀರು ಬೇರೆ ಸಂದಿಯಲ್ಲಿ ಇಳಿದು ಲೀಚೇಟ್ ಹೆಚ್ಚುತ್ತದೆ, ಇಳಿಜಾರು ಸಡಿಲವಾಗುತ್ತದೆ.

ನೇಪಾಳದ ಸಿಸ್ಡೋಲ್ ಹೇಳುವುದು

ಕಾಠ್ಮಂಡುವಿನಿಂದ ಸುಮಾರು 27 ಕಿ.ಮೀ. ದೂರ, ನುವಾಕೋಟ್ ಜಿಲ್ಲೆಯ ಓಖರ್‌ಪೌವಾದಲ್ಲಿ ಸಿಸ್ಡೋಲ್ ಲ್ಯಾಂಡ್‌ಫಿಲ್ 2005ರಲ್ಲಿ ಶುರುವಾಯಿತು. ಜಪಾನಿನ ನೆರವು ಸಂಸ್ಥೆ ಜೈಕಾದ ಸಹಾಯ ಇತ್ತು, ಅರೆ ಗಾಳಿಯ ವಿನ್ಯಾಸ ಇತ್ತು. ಎರಡು ಮೂರು ವರ್ಷಕ್ಕೆಂದು ಕಟ್ಟಿದ ತಾತ್ಕಾಲಿಕ ಜಾಗ ಅದು. ಶಾಶ್ವತ ಜಾಗ ಬಂಚರೆ ಡಾಂಡಾ ತಯಾರಾಗುವ ತನಕ ಎಂಬ ಮಾತಾಗಿತ್ತು. ಅದು ತಯಾರಾಗಲು 2022 ಆಯಿತು. ಹದಿನೇಳು ವರ್ಷ ರಾಜಧಾನಿಯ ಕಸವೆಲ್ಲ ಅಲ್ಲೇ ಸುರಿಯಿತು. ವಿನ್ಯಾಸದ ಎತ್ತರ ದಾಟಿ ಎಷ್ಟೋ ಮೇಲೆ ಹೋದ ರಾಶಿಯಲ್ಲಿ ಯಾವ ಕೊಳವೆಯ ಲೆಕ್ಕವೂ ಉಳಿಯುವುದಿಲ್ಲ. ಮಳೆಗಾಲ ಬಂದರೆ ರಸ್ತೆ ಕೆಸರಾಗಿ ಟಿಪ್ಪರುಗಳು ಸಿಕ್ಕಿಕೊಳ್ಳುತ್ತಿದ್ದವು. ನಾತ, ನೊಣ ತಾಳಲಾರದೆ ಅಲ್ಲಿನ ಜನ ಗಾಡಿ ತಡೆದರೆ ಕಾಠ್ಮಂಡುವಿನ ಬೀದಿಗಳಲ್ಲಿ ಕಸ ಗುಡ್ಡೆಯಾಗುತ್ತಿತ್ತು. ಹಳ್ಳಿಯವರ ಸಿಟ್ಟು ನ್ಯಾಯವಾದದ್ದು. ಮೂರು ವರ್ಷ ಎಂದು ಕೊಟ್ಟ ಮಾತನ್ನು ಹದಿನೇಳು ವರ್ಷ ಎಳೆದರೆ ಯಾರು ಸುಮ್ಮನಿರುತ್ತಾರೆ? ಮಂಡೂರಿನವರಿಗೂ ಮಾವಳ್ಳಿಪುರದವರಿಗೂ ಬೆಂಗಳೂರಿನ ಕಸದ ವಿಷಯದಲ್ಲಿ ಈ ನೋವು ಚೆನ್ನಾಗಿ ಗೊತ್ತು.

ಸಿಸ್ಡೋಲ್‌ನಲ್ಲಿ ಮೊದಲು ಸೋತದ್ದು ಪೈಪಲ್ಲ, ಮುಂದಿನ ಜಾಗದ ಯೋಜನೆ. ಆದ್ದರಿಂದ ತಂತ್ರಜ್ಞಾನ ಹಂಚಿಕೆಯ ಒಪ್ಪಂದ ಓದುವಾಗ ಯಂತ್ರಗಳ ಪಟ್ಟಿಗಿಂತ ಮೊದಲು ಕೆಲವು ಸಾಲುಗಳನ್ನು ಹುಡುಕಬೇಕು. ಈ ಜಾಗ ತುಂಬುವ ವರ್ಷ ಯಾವುದು, ಮುಂದಿನದಕ್ಕೆ ಭೂಮಿ ಯಾವಾಗ ಕೈಗೆ ಬರುತ್ತದೆ? ಬುಲ್ಡೋಜರ್‌ಗೆ ದಿನದ ಡೀಸೆಲ್ ಯಾವ ಲೆಕ್ಕದಿಂದ? ನೆರವು ಸಂಸ್ಥೆ ಹೋದ ಮರುವರ್ಷ ಆ ಹಣ ಯಾರು ಕೊಡುತ್ತಾರೆ? ದಾನವಾಗಿ ಬಂದ ಬುಲ್ಡೋಜರ್‌ಗೆ ಆ ದೇಶದಲ್ಲಿ ಡೀಲರ್ ಇದ್ದಾರೆಯೇ, ಇಲ್ಲವೇ ಒಂದು ಹೈಡ್ರಾಲಿಕ್ ಸೀಲ್‌ಗಾಗಿ ಮೂರು ತಿಂಗಳು ಕಾಯಬೇಕೇ? ಕೊಳವೆ ಏರಿಸುವ ಕೆಲಸ ಯಾರ ಹೆಸರಿನಲ್ಲಿ ಬರೆದಿದೆ? ಬಹಳ ಕಡೆ ಅದು ಯಾರದೂ ಆಗಿರುವುದಿಲ್ಲ. ಆರು ತಿಂಗಳಲ್ಲಿ ಕೊಳವೆ ಕಸದಡಿ ಹೂತುಹೋಗುತ್ತದೆ, ಆಮೇಲೆ ಎಲ್ಲಿತ್ತು ಎಂದು ಹುಡುಕುವವರೂ ಇರುವುದಿಲ್ಲ. ಪೆಸಿಫಿಕ್ ದ್ವೀಪಗಳಲ್ಲಿ 2011ರಿಂದ ಹನ್ನೊಂದು ದೇಶಗಳಲ್ಲಿ ನಡೆದ ಜೈಕಾದ ಕಸ ನಿರ್ವಹಣೆ ಯೋಜನೆ ಜೆ-ಪ್ರಿಸಮ್‌ನಲ್ಲಿ ಕಟ್ಟಡಕ್ಕಿಂತ ತರಬೇತಿಗೆ ಹೆಚ್ಚು ಒತ್ತು ಕೊಟ್ಟದ್ದು ಸರಿಯಾದ ತಿಳಿವಳಿಕೆ. ಸಮೋವಾದ ತಫಾಯಿಗಾತಾ ಲ್ಯಾಂಡ್‌ಫಿಲ್‌ನಲ್ಲಿ ಕಲಿತವರು ಪಕ್ಕದ ದ್ವೀಪದವರಿಗೆ ಹೇಳಿಕೊಟ್ಟರೆ, ಒಂದೇ ಬಗೆಯ ಮಳೆ, ಒಂದೇ ಬಗೆಯ ಬಜೆಟ್ ಇರುವವರ ಮಾತು ಬೇಗ ನಾಟುತ್ತದೆ.

ಇನ್ನೊಂದು ವಿಷಯ ವಿನ್ಯಾಸದ ನಕ್ಷೆಯಲ್ಲಿ ಎಂದೂ ಕಾಣುವುದಿಲ್ಲ. ರಾಶಿಯ ಮೇಲೆ ಚಿಂದಿ ಆಯ್ದು ಬದುಕುವವರು. ಪಯಾತಾಸ್‌ನಲ್ಲೂ ಕೋಶೆಯಲ್ಲೂ ಸತ್ತವರಲ್ಲಿ ಬಹಳ ಮಂದಿ ಅವರೇ, ಅವರ ಮಕ್ಕಳೇ. ಜಾಗಕ್ಕೆ ಬೇಲಿ ಹಾಕಿ ಅವರನ್ನು ಹೊರಹಾಕಿದರೆ ರಾತ್ರಿ ಬೇಲಿ ದಾಟಿ ಬರುತ್ತಾರೆ, ತಾಮ್ರಕ್ಕಾಗಿ ವೈರು ಸುಡುತ್ತಾರೆ, ಬೆಂಕಿ ಅಲ್ಲಿಂದ ಹಬ್ಬುತ್ತದೆ. ಗೇಟಿನ ಹತ್ತಿರವೇ ಕಸ ಹರಡುವ ಚಪ್ಪರ, ಕೈಗವಸು, ಗುರುತಿನ ಚೀಟಿ, ಕೊಳ್ಳುವವರ ಸಂಪರ್ಕ ಕೊಟ್ಟರೆ ಅವರೇ ಪ್ಲಾಸ್ಟಿಕ್ಕನ್ನು ಮೊದಲೇ ಬೇರ್ಪಡಿಸುತ್ತಾರೆ, ಒಳಗೆ ಹೋಗುವ ಕಸ ಕಡಿಮೆಯಾಗುತ್ತದೆ, ಗಾಳಿಯ ದಾರಿಗೆ ಅಡ್ಡ ಬರುವ ಪ್ಲಾಸ್ಟಿಕ್ ಕವರುಗಳೂ ಕಡಿಮೆಯಾಗುತ್ತವೆ.

ವ್ಯವಸ್ಥೆ ಉಸಿರಾಡುತ್ತಿದೆಯೇ ಎಂದು ನೋಡಲು ದುಬಾರಿ ಉಪಕರಣವೇ ಬೇಕೆಂದಿಲ್ಲ. ವಾರಕ್ಕೊಂದು ಬೆಳಿಗ್ಗೆ, ಹೊರಗಾಳಿ ತಣ್ಣಗಿರುವಾಗ, ಒಂದು ಕೋಲಿನ ತುದಿಗೆ ತೆಳುವಾದ ನೂಲಿನ ಎಳೆ ಕಟ್ಟಿ ಮುಖ್ಯ ಪೈಪಿನ ಬಾಯಿಯ ಮುಂದೆ ಹಿಡಿಯಬೇಕು. ಊದುಬತ್ತಿ, ಬೆಂಕಿಕಡ್ಡಿ ಖಂಡಿತ ಬೇಡ, ಅಲ್ಲಿ ಮಿಥೇನ್ ಇರಬಹುದು. ಪೈಪಿನೊಳಗೆ ತಲೆ ಹಾಕುವುದೂ ಬೇಡ. ಎಳೆ ಒಳಮುಖವಾಗಿ ಬಾಗಿದರೆ ರಾಶಿ ಗಾಳಿ ಎಳೆಯುತ್ತಿದೆ. ಬಾಗದೆ ತೂಗಿ ನಿಂತರೆ ಮೊದಲು ಕೊಳದ ನೀರಿನ ಮಟ್ಟ ನೋಡಿ; ಅದು ಸರಿಯಿದ್ದರೆ ಮೇಲೆ ಹತ್ತಿ ಕೊಳವೆಗಳ ತಲೆ ಎಣಿಸಿ, ನಕ್ಷೆಯಲ್ಲಿರುವಷ್ಟು ಹೊರಗೆ ಕಾಣುತ್ತಿವೆಯೇ ಎಂದು. ಎರಡನ್ನೂ ತಾರೀಖು ಹಾಕಿ ಪುಸ್ತಕದಲ್ಲಿ ಬರೆದು, ಮುಂದಿನ ಪಾಳಿಯವರ ಸಹಿ ಪಡೆದರೆ ಆ ವಾರದ ತಪಾಸಣೆ ಮುಗಿಯಿತು.